ಅಂಬಾಸಿಡರ್ ಕಾರಿನ ಎಡಗಣ್ಣು ಮಂಜಾದದ್ದು ಯಾಕೆ?



ಇದುವರೆಗೆ ನಮ್ಮ ಗೋಡೆ ಪತ್ರಿಕೆಗೆ ನಾನು ಒಗಟು, ಗಾದೆ ಮಾತ್ರ ಬರೆದು ಕೊಟ್ಟಿದ್ದೆ. ಈ ಸಲ ವಿಜ್ಞಾನದ ಲೇಖನ ಬರೆಯುತ್ತಿದ್ದೇನೆ. ಇದು ಪುಸ್ತಕ ನೋಡಿ ಬರೆದದ್ದಲ್ಲ. ನಮ್ಮ ಮನೆ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ನಡೆದದ್ದು. ಇನ್ನೊಂದು ವಿಷಯ ಮೊದಲೇ ಒಪ್ಪಿಕೊಳ್ಳುತ್ತೇನೆ. ನಮ್ಮ ಶಾಲೆಯ ರಂಗಮಂದಿರದ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದವರು ಯಾರು ಅಂತ ಮೇಷ್ಟ್ರು ಪ್ರಾರ್ಥನೆ ಹೊತ್ತಿನಲ್ಲಿ ಕೇಳಿದ್ರಲ್ಲ, ಅದು ನಾನೇ. ಯಾಕೆ ಎಳೆದೆ ಅನ್ನೋದು ಈ ಲೇಖನ ಓದಿದರೆ ಗೊತ್ತಾಗುತ್ತದೆ.

ನಮ್ಮ ಅಜ್ಜನ ಬಿಳಿ ಅಂಬಾಸಿಡರ್ ಕಾರನ್ನು ನೀವೆಲ್ಲ ನೋಡಿದ್ದೀರಿ. 1985ರಲ್ಲಿ ನೋಂದಣಿಯಾದ ಮಾರ್ಕ್ 4 ಅದು. ಸ್ವಂತ ಉಪಯೋಗದ ಕಾರಿಗೆ ಮೊದಲ ನೋಂದಣಿ 15 ವರ್ಷ ನಡೆಯುತ್ತದೆ. ಆಮೇಲೆ 5 ವರ್ಷಕ್ಕೊಮ್ಮೆ ಆರ್‌ಟಿಓ ಕಚೇರಿಗೆ ಒಯ್ದು ತೋರಿಸಿ, ಗಾಡಿ ರಸ್ತೆಗೆ ಯೋಗ್ಯ ಅಂತ ಬರೆಸಿಕೊಂಡು ನವೀಕರಿಸಬೇಕು. ಊರಲ್ಲಿ ಇದಕ್ಕೆ ‘ಎಫ್‌ಸಿ ಮಾಡಿಸೋದು’ ಅಂತಾರೆ. 2025ರಲ್ಲಿ ಮತ್ತೆ ಆ ಸರದಿ ಬಂತು.

ಅಪ್ಪ ಮೊದಲೇ ಹೇಳಿಬಿಟ್ಟಿದ್ದರು: “ಈ ಸಲ ಪಾಸಾಗದಿದ್ರೆ ಗುಜರಿಗೆ ಕೊಡೋದೇ. ಇನ್ನು ದುಡ್ಡು ಸುರಿಯೋದು ನನ್ನ ಕೈಲಾಗಲ್ಲ.” ಅಜ್ಜ ಏನೂ ಮಾತಾಡಲಿಲ್ಲ. ಮಳೆಗಾಲದಲ್ಲಿ ನಮ್ಮೂರಿನಲ್ಲಿ ಮೊಬೈಲ್ ಸಿಗ್ನಲ್ ಹೋದರೆ 108ಕ್ಕೂ ಫೋನ್ ಮಾಡೋಕಾಗಲ್ಲ. ಅಂಥ ರಾತ್ರಿ ಹೆರಿಗೆ ನೋವಿನವರನ್ನೂ ಜ್ವರದ ಮಕ್ಕಳನ್ನೂ ಪೇಟೆ ಆಸ್ಪತ್ರೆಗೆ ಮುಟ್ಟಿಸಿದ್ದು ಈ ಕಾರೇ. ಅದು ನಿಮಗೂ ಗೊತ್ತು.

ತೊಂದರೆ ಏನಾಯಿತು?

ತಪಾಸಣೆಗೆ ಸೋಮವಾರ ಹೋಗಬೇಕಿತ್ತು. ಅದಕ್ಕಿಂತ ಹಿಂದಿನ ವಾರ ಕಾರಿಗೆ ಟಿಂಕರಿಂಗ್ ಮಾಡಿಸಿ ಪೇಂಟ್ ಹೊಡೆಸಿದರು. ಕಾರು ಮದುವೆ ಗಂಡಿನ ಹಾಗೆ ಹೊಳೆಯುತ್ತಿತ್ತು. ಶುಕ್ರವಾರ ರಾತ್ರಿ ಚಿಕ್ಕಪ್ಪ ಹೆಡ್‌ಲೈಟ್ ಹಾಕಿದರೆ ಬಲಗಡೆಯದು ಚೆನ್ನಾಗಿ ಉರಿಯಿತು. ಎಡಗಡೆಯದು ಮಾತ್ರ ಚಿಮಣಿ ದೀಪದ ಹಾಗೆ ಕೆಂಪಗೆ, ಮಂಕಾಗಿ ಉರಿಯಿತು. ಡಿಪ್ ಹಾಕಿದರೂ ಅಷ್ಟೇ, ಬ್ರೈಟ್ ಹಾಕಿದರೂ ಅಷ್ಟೇ.

ಶನಿವಾರ ಪೇಟೆಯಿಂದ ಒಬ್ಬ ಎಲೆಕ್ಟ್ರಿಷಿಯನ್ ಬಂದರು. ಬಲ್ಬ್ ಬದಲಿಸಿದರು, ಸರಿಯಾಗಲಿಲ್ಲ. ಇನ್ನೊಂದು ಹೊಸ ಬಲ್ಬ್ ಹಾಕಿದರು, ಆಗಲೂ ಇಲ್ಲ. “ವೈರಿಂಗ್ ಎಲ್ಲ ಹೋಗಿದೆ, ಇಡೀ ಕಾರಿಗೆ ಹೊಸದಾಗಿ ಎಳೀಬೇಕು, ಒಂದು ವಾರ ಆಗ್ತದೆ” ಎಂದು ಹೇಳಿ ಹೋದರು. ಅಪ್ಪ ಅಜ್ಜನ ಮುಖ ನೋಡಿದರು. ಅಜ್ಜ ಎದ್ದು ತೋಟಕ್ಕೆ ಹೋದರು.

ಹೆಡ್‌ಲೈಟ್ ಒಂದು ಮಂಕಾದರೆ ಅಷ್ಟೇನು ಮಹಾ ಅಂತ ನಿಮಗೆ ಅನ್ನಿಸಬಹುದು. ನಮ್ಮ ದೊಡ್ಡಪ್ಪ ಕುಂಟುತ್ತಾ ನಡೆಯೋದನ್ನು ನೀವು ನೋಡಿದ್ದೀರಿ. ಕೆಲವು ವರ್ಷದ ಹಿಂದೆ ರಾತ್ರಿ ಸೇತುವೆ ಹತ್ತಿರದ ತಿರುವಿನಲ್ಲಿ ಎದುರಿಂದ ಒಂದೇ ದೀಪ ಬಂತಂತೆ. ಬೈಕ್ ಇರಬೇಕು, ಜಾಗ ಸಾಕಷ್ಟಿದೆ ಅಂತ ದೊಡ್ಡಪ್ಪ ತಮ್ಮ ಬೈಕನ್ನು ಪೂರ್ತಿ ಬದಿಗೆ ತೆಗೆಯಲಿಲ್ಲ. ಬಂದದ್ದು ಒಂದೇ ಕಣ್ಣಿನ ಪಿಕಪ್ ಗಾಡಿ. ಅವತ್ತಿನಿಂದ ನಮ್ಮನೆಯಲ್ಲಿ ಹೆಡ್‌ಲೈಟ್ ವಿಷಯದಲ್ಲಿ ತಮಾಷೆ ಇಲ್ಲ. ದೀಪ ಇರೋದು ನಾವು ದಾರಿ ನೋಡೋದಕ್ಕೆ ಮಾತ್ರ ಅಲ್ಲ, ಎದುರಿನವರು ನಮ್ಮ ಅಗಲ ತಿಳಿಯೋದಕ್ಕೂ ಹೌದು.

ಖರ್ಚಿಲ್ಲದ ಮೊದಲ ಪರೀಕ್ಷೆ

ಭಾನುವಾರ ಬೆಳಿಗ್ಗೆ ಅಜ್ಜ, ಚಿಕ್ಕಪ್ಪ, ನಾನು ಮೂವರೂ ಶೆಡ್ಡಿಗೆ ಹೋದೆವು. ಅಜ್ಜ ಮೊದಲು ಕೇಳಿದ ಪ್ರಶ್ನೆ ಇದು: “ಎರಡೂ ಮಂಕಾ, ಒಂದೇ ಮಂಕಾ?”

ಈ ಪ್ರಶ್ನೆ ಬಹಳ ಮುಖ್ಯ. ಬ್ಯಾಟರಿ, ಹೆಡ್‌ಲೈಟ್ ಸ್ವಿಚ್, ಡಿಪ್ಪರ್ ಸ್ವಿಚ್ ಇವು ಎರಡೂ ದೀಪಕ್ಕೆ ಸೇರಿದವು. ಅವುಗಳಲ್ಲಿ ದೋಷ ಇದ್ದರೆ ಎರಡೂ ದೀಪ ಕೆಡಬೇಕು. ಒಂದೇ ಕೆಟ್ಟಿದೆ ಅಂದರೆ ದೋಷ ಆ ಕಡೆಯಲ್ಲೇ ಇದೆ. ಇಷ್ಟು ಯೋಚಿಸಿದ್ದಕ್ಕೇ ಅರ್ಧ ಕಾರು ಬಿಟ್ಟುಹೋಯಿತು. ಇಡೀ ವೈರಿಂಗ್ ಬದಲಿಸುವ ಮಾತು ಸರಿಯಲ್ಲ ಅಂತ ಅಜ್ಜನಿಗೆ ಅಲ್ಲೇ ಅನ್ನಿಸಿತ್ತು.

ಎರಡನೆಯದಾಗಿ ಎಡಗಡೆ ಬಲ್ಬನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಹಾಕಿದೆವು. ಬಲ್ಬಿನ ದೋಷ ಆಗಿದ್ದರೆ ಮಂಕು ಬಲಕ್ಕೆ ಹೋಗಬೇಕಿತ್ತು. ಹೋಗಲಿಲ್ಲ, ಎಡಗಡೆಯೇ ಉಳಿಯಿತು. ಅಂದರೆ ಬಲ್ಬ್ ನಿರಪರಾಧಿ. ಈ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಆದರೆ ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಕೈಯ ಎಣ್ಣೆ ಅಂಶ ಅಂಟಿದ ಜಾಗ ಹೆಚ್ಚು ಕಾದು ಗಾಜು ಬೇಗ ಹಾಳಾಗುತ್ತದೆ. ನಾವು ಶುಭ್ರವಾದ ಬಟ್ಟೆಯಲ್ಲಿ ತಳವನ್ನು ಹಿಡಿದು ಹಾಕಿದೆವು.

ಮೂರನೆಯದು ಟೆಸ್ಟ್ ಲ್ಯಾಂಪ್. ಇದು ಚಿಕ್ಕ ಬಲ್ಬಿಗೆ ಎರಡು ತಂತಿ ಕಟ್ಟಿದ ಸಾಧನ, ಅಷ್ಟೆ. ಅದರ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಹಿಡಿದು, ಇನ್ನೊಂದನ್ನು ಹೋಲ್ಡರಿನ ಡಿಪ್ ತಂತಿಗೆ ಮುಟ್ಟಿಸಿದಾಗ ಚೆನ್ನಾಗಿ ಉರಿಯಿತು. ಅಂದರೆ ವಿದ್ಯುತ್ ಎಡಗಡೆ ದೀಪದ ಬಾಗಿಲವರೆಗೂ ಸರಿಯಾಗಿ ಬರ್ತಾ ಇದೆ! ಬಂದ ವಿದ್ಯುತ್ ಬಲ್ಬಿಗೆ ಯಾಕೆ ಸಾಲುತ್ತಿಲ್ಲ? ಇಲ್ಲಿಗೆ ಬಂದು ಮೂವರೂ ಸುಮ್ಮನೆ ಕೂತೆವು.

ನೀಲಿ ದೀಪ ಹೇಳಿದ ಗುಟ್ಟು

ನಾನು ಡ್ರೈವರ್ ಸೀಟಿನಲ್ಲಿ ಕೂತು, ಚಿಕ್ಕಪ್ಪ ಹೇಳಿದ ಹಾಗೆ ಕಾಲಿನ ಹತ್ತಿರ ಇರುವ ಡಿಪ್ಪರ್ ಒತ್ತುತ್ತಿದ್ದೆ. ಶೆಡ್ಡಿನೊಳಗೆ ಕತ್ತಲೆ ಇತ್ತು. ಬ್ರೈಟ್ ಹಾಕಿದಾಗ ಮೀಟರಿನಲ್ಲಿ ಒಂದು ನೀಲಿ ದೀಪ ಹತ್ತುತ್ತದೆ. ಡಿಪ್ ಹಾಕಿದಾಗ ಅದು ಆರಬೇಕು. ಆದರೆ ಪೂರ್ತಿ ಆರಲಿಲ್ಲ. ಮಿಂಚುಹುಳದಷ್ಟು ಬೆಳಕು ಉಳಿದಿತ್ತು.

“ಅಜ್ಜ, ಡಿಪ್ಪಿನಲ್ಲೂ ನೀಲಿ ದೀಪ ಸ್ವಲ್ಪ ಉರೀತದೆ” ಅಂದೆ.

“ಎಂತದು? ಮತ್ತೊಂದ್ಸಲ ನೋಡು ಮಾರಾಯ್ತಿ.”

“ಹೌದಜ್ಜ, ಉರೀತಾ ಇದೆ.”

ಅಜ್ಜನಿಗೆ ಕಣ್ಣಿನ ಪೊರೆ ಬಂದಿದೆ, ಅಷ್ಟು ಸಣ್ಣ ಬೆಳಕು ಅವರಿಗೆ ಕಾಣುವುದಿಲ್ಲ. ಬಾಗಿಲ ಹತ್ತಿರ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು ಕೇಳಿದರು: “ನಿಮ್ಮ ಶಾಲೇಲಿ ಹೇಳಿಕೊಟ್ಟಿದ್ದಾರಲ್ಲ, ಬಲ್ಬಿಗೆ ಎಷ್ಟು ತಂತಿ ಬೇಕು?”

“ಎರಡು. ಒಂದು ಹೋಗೋಕೆ, ಒಂದು ವಾಪಸ್ ಬರೋಕೆ.”

“ಹಂಗಾರೆ ಇಲ್ಲಿ ವಾಪಸ್ ಬರೋ ತಂತಿ ಎಲ್ಲಿ?”

ಆಗ ನನಗೆ ಹೊಳೆಯಿತು. ಹತ್ತನೇ ತರಗತಿಯ ವಿದ್ಯುತ್ ಪಾಠದಲ್ಲಿ ಮಂಡಲ ಪೂರ್ಣವಾಗಿದ್ದರೆ ಮಾತ್ರ ವಿದ್ಯುತ್ ಹರಿಯುತ್ತದೆ ಅಂತ ಇದೆ. ಕಾರಿನಲ್ಲಿ ಪ್ರತಿ ದೀಪದಿಂದಲೂ ಬ್ಯಾಟರಿಯವರೆಗೆ ವಾಪಸ್ ತಂತಿ ಎಳೆಯುವುದಿಲ್ಲ. ಕಾರಿನ ಬಾಡಿಯೇ ಕಬ್ಬಿಣ. ಬ್ಯಾಟರಿಯ ನೆಗೆಟಿವ್ ತುದಿಯನ್ನು ಬಾಡಿಗೆ ಸೇರಿಸಿರುತ್ತಾರೆ. ದೀಪದ ಮೂರನೇ ತಂತಿಯನ್ನೂ ಅಲ್ಲೇ ಹತ್ತಿರದಲ್ಲಿ ಬಾಡಿಗೆ ಸ್ಕ್ರೂ ಹಾಕಿ ಬಿಗಿದಿರುತ್ತಾರೆ. ಇಡೀ ಕಾರೇ ವಾಪಸ್ ತಂತಿ! ಮೆಕ್ಯಾನಿಕ್‌ಗಳು ಇದಕ್ಕೆ ‘ಅರ್ಥ್’ ಅಂತಾರೆ.

ಈಗ ಪಕ್ಕದ ಹಾಳೆಯಲ್ಲಿ ಬರೆದ ಚಿತ್ರ ನೋಡಿ. ಹೆಡ್‌ಲೈಟ್ ಬಲ್ಬಿನೊಳಗೆ ಎರಡು ತಂತು ಇವೆ. ಡಿಪ್ ತಂತು 55 ವಾಟ್, ಬ್ರೈಟ್ ತಂತು 60 ವಾಟ್. ಎರಡಕ್ಕೂ ಅರ್ಥ್ ಒಂದೇ. ಆ ಅರ್ಥ್ ಕಡಿದುಹೋಗಿದೆ ಅಂತ ತಿಳಿಯಿರಿ. ಡಿಪ್ ತಂತುವಿಗೆ ಬಂದ ವಿದ್ಯುತ್ ಬಾಡಿಗೆ ಇಳಿಯುವ ದಾರಿ ಇಲ್ಲ. ಆದ್ದರಿಂದ ಪಕ್ಕದ ಬ್ರೈಟ್ ತಂತುವಿಗೆ ಹಿಂದಿನ ಬಾಗಿಲಿಂದ ನುಗ್ಗಿ, ಬ್ರೈಟ್ ತಂತಿ ಹಿಡಿದು ಉಲ್ಟಾ ಹೋಗುತ್ತದೆ. ಆ ತಂತಿ ಬಲಗಡೆ ಬ್ರೈಟ್ ತಂತುವಿಗೂ ಮೀಟರಿನ ನೀಲಿ ದೀಪಕ್ಕೂ ಸೇರಿದೆ. ಅವುಗಳ ಮೂಲಕ ಬಾಡಿಗೆ ಇಳಿದು ಬ್ಯಾಟರಿ ಸೇರುತ್ತದೆ. ಒಂದು ತಂತುವಿಗೆ ಸಿಗಬೇಕಾದ 12 ವೋಲ್ಟ್ ಸಾಲಾಗಿ ನಿಂತ ಮೂರು ತಂತುಗಳಿಗೆ ಹಂಚಿಹೋಗುತ್ತದೆ. ಅದಕ್ಕೇ ಎಡಗಡೆ ದೀಪ ಮಂಕು, ಅದಕ್ಕೇ ಆರಬೇಕಾದ ನೀಲಿ ದೀಪದಲ್ಲಿ ಮಿಣುಕು.

ದೋಷ ಸಿಕ್ಕಿತು

ಅಜ್ಜ ಪಂಪ್‌ಸೆಟ್ಟಿನ ಹಳೇ ತಂತಿಯ ಒಂದು ತುಂಡು ತಂದರು. ಒಂದು ತುದಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ತುದಿ ಎಡಗಡೆ ದೀಪದ ಕಪ್ಪು ತಂತಿಯ ಕಿವಿಗೆ ಹಿಡಿದರು. ದೀಪ ಫಳ್ ಅಂತ ಹತ್ತಿತು! ತೆಗೆದರೆ ಮಂಕು, ಹಿಡಿದರೆ ಬೆಳಕು.

ಆ ಕಿವಿಯನ್ನು ಮಡ್‌ಗಾರ್ಡಿನ ಒಳಗೆ ಬಿಗಿದ ಸ್ಕ್ರೂ ಬಿಚ್ಚಿ ನೋಡಿದೆವು. ಅಡಿಯಲ್ಲಿ ಹೊಸಾ ಬಿಳೀ ಪೇಂಟ್! ಟಿಂಕರಿಂಗ್ ಮಾಡುವಾಗ ಎಡಗಡೆ ಸ್ಕ್ರೂ ಬಿಚ್ಚಿದ್ದಾರೆ, ಪೇಂಟ್ ಹೊಡೆದಿದ್ದಾರೆ, ಪೇಂಟಿನ ಮೇಲೆಯೇ ಕಿವಿ ಇಟ್ಟು ಬಿಗಿದಿದ್ದಾರೆ. ಪೇಂಟ್ ವಿದ್ಯುತ್ ಅವಾಹಕ. ಸ್ಕ್ರೂ ತೂತಿನ ಸುತ್ತ ತುಕ್ಕು ಬೇರೆ ಇತ್ತು. ಬಲಗಡೆ ಬಿಚ್ಚದೇ ಇದ್ದದ್ದರಿಂದ ಅದು ಸರಿಯಾಗಿಯೇ ಇತ್ತು. ತಪಾಸಣೆಗೆ ಕಾರು ಚೆಂದ ಕಾಣಲಿ ಅಂತ ಮಾಡಿಸಿದ ಕೆಲಸವೇ ದೀಪ ಕೆಡಿಸಿತ್ತು.

ರಿಪೇರಿ ಮಾಡಿದ್ದು ಹೀಗೆ. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿದೆವು. ಸ್ಕ್ರೂ ಜಾಗವನ್ನು ಮರಳು ಕಾಗದದಿಂದ ಕಬ್ಬಿಣ ಹೊಳೆಯುವವರೆಗೆ ಉಜ್ಜಿದೆವು. ತಂತಿಯ ಕಿವಿಯನ್ನೂ ಉಜ್ಜಿದೆವು. ಹಲ್ಲು ಇರುವ ವಾಷರ್ ಹಾಕಿ ಬಿಗಿ ಮಾಡಿದೆವು. ಬಿಗಿಯಾದ ಮೇಲೆ ನೀರು ತಾಗದಂತೆ ಮೇಲಿಂದ ವ್ಯಾಸಲೀನ್ ಸವರಿದೆವು. ಒಟ್ಟು ಖರ್ಚು ಒಂದು ಹಾಳೆ ಮರಳು ಕಾಗದ.

ಸ್ವಲ್ಪ ಲೆಕ್ಕ

ಅರ್ಥ್ ಪೂರ್ತಿ ಕಡಿಯದೆ ಬರೀ ತುಕ್ಕು ಹಿಡಿದಿದ್ದರೆ ಏನಾಗುತ್ತದೆ? ಲೆಕ್ಕ ಮಾಡೋಣ.

55 ವಾಟ್ ÷ 12 ವೋಲ್ಟ್ = ಸುಮಾರು 4.6 ಆಂಪಿಯರ್.
12 ವೋಲ್ಟ್ ÷ 4.6 ಆಂಪಿಯರ್ = ಸುಮಾರು 2.6 ಓಮ್. ಇದು ಉರಿಯುವ ತಂತುವಿನ ರೋಧ.

ತುಕ್ಕಿನಿಂದ ಬರೀ ಅರ್ಧ ಓಮ್ ರೋಧ ಸೇರಿತು ಅಂತ ಇಟ್ಟುಕೊಳ್ಳಿ. ಒಟ್ಟು 3.1 ಓಮ್. ಆಗ ಬಲ್ಬಿಗೆ ಸಿಗುವುದು ಸುಮಾರು 10 ವೋಲ್ಟ್, ಉಳಿದ 2 ವೋಲ್ಟ್ ತುಕ್ಕನ್ನು ಬಿಸಿ ಮಾಡೋದರಲ್ಲಿ ಹೋಯಿತು. ಆರನೇ ಒಂದು ಭಾಗ ವೋಲ್ಟ್ ಕಡಿಮೆಯಾದರೆ ಬೆಳಕೂ ಆರನೇ ಒಂದು ಭಾಗ ಕಡಿಮೆಯಾಗುತ್ತದೆ ಅಂತ ತಿಳಿಯಬೇಡಿ. ತಂತು ತಣ್ಣಗಾದಂತೆ ಬೆಳಕು ಬಹಳ ಬೇಗ ಇಳಿಯುತ್ತದೆ. 10 ವೋಲ್ಟಿಗೆ ಬೆಳಕು ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ.

ಇದನ್ನು ತಿಳಿಯದೆ ಕೆಲವರು ಬೆಳಕು ಸಾಲದು ಅಂತ 100 ವಾಟಿನ ಬಲ್ಬ್ ಹಾಕಿಸುತ್ತಾರೆ. ಅದು 8 ಆಂಪಿಯರಿಗಿಂತ ಹೆಚ್ಚು ಎಳೆಯುತ್ತದೆ. ಹಳೇ ತಂತಿ, ಹಳೇ ಸ್ವಿಚ್ ಕಾದು ಹೋಲ್ಡರ್ ಕರಗುತ್ತದೆ. ಎದುರಿನವರ ಕಣ್ಣೂ ಕುಕ್ಕುತ್ತದೆ. ದಾರಿ ಕೆಟ್ಟಾಗ ದಾರಿ ಸರಿ ಮಾಡಬೇಕು, ದೊಡ್ಡ ಬಲ್ಬ್ ಹಾಕಿದರೆ ಉಪಯೋಗ ಇಲ್ಲ.

ಇನ್ನು ಗೋಡೆ ಗೆರೆಯ ವಿಷಯ

ದೀಪ ಉರಿದರೆ ಸಾಲದು, ನೋಟ ಸರಿಯಾದ ಕಡೆ ಇರಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಮುಂದಿನ ದೀಪ 155 ಮೀಟರ್ ದೂರದಿಂದ ಕಾಣಬೇಕು. ಆದರೆ ಡಿಪ್ ಹಾಕಿದಾಗ 8 ಮೀಟರ್ ಮುಂದೆ, ದೀಪದ ಬಲ ಅಂಚಿನಿಂದ ಅರ್ಧ ಮೀಟರ್ ಬಲಕ್ಕೆ, ನೆಲದಿಂದ 1.5 ಮೀಟರ್ ಎತ್ತರದಲ್ಲಿ ಇರುವ ಕಣ್ಣು ಕುಕ್ಕಬಾರದು.

ಇದನ್ನು ನೋಡೋಕೆ ಸಮತಟ್ಟು ನೆಲ, ಎದುರಿಗೆ ಗೋಡೆ ಬೇಕು. ನಮ್ಮ ಮಲೆನಾಡಿನಲ್ಲಿ ಸಮತಟ್ಟು ಅಂದರೆ ಶಾಲೆ ಮೈದಾನ ಒಂದೇ! ಭಾನುವಾರ ಸಂಜೆ ಕಾರನ್ನು ರಂಗಮಂದಿರದ ಗೋಡೆಗೆ ಹತ್ತಿರ ನಿಲ್ಲಿಸಿ, ಎರಡೂ ದೀಪದ ನಡುಮಧ್ಯದ ಎತ್ತರಕ್ಕೆ ಗೆರೆ ಎಳೆದೆ. ಆ ಗೆರೆಯಿಂದ 8 ಸೆಂಟಿಮೀಟರ್ ಕೆಳಗೆ ಇನ್ನೊಂದು ಗೆರೆ. ಆಮೇಲೆ ಕಾರನ್ನು ನೇರ 8 ಮೀಟರ್ ಹಿಂದೆ ತೆಗೆದೆವು. ಮೀಟರಿಗೆ 1 ಸೆಂಟಿಮೀಟರ್ ಇಳಿಯಬೇಕು ಅನ್ನುವುದು ಲೆಕ್ಕ. ಡಿಪ್ ಬೆಳಕಿನ ಮೇಲಂಚು ಕೆಳಗಿನ ಗೆರೆಗೆ ಕೂರಬೇಕು. ಎಡಗಡೆಗೆ ಆ ಅಂಚು ಸ್ವಲ್ಪ ಮೇಲೇರುತ್ತದೆ, ಅದು ತಪ್ಪಲ್ಲ. ನಾವು ರಸ್ತೆಯ ಎಡಗಡೆ ಹೋಗುವವರು, ಆ ಬದಿಯಲ್ಲಿ ನಡೆಯುವವರು ಕಾಣಲಿ ಅಂತ ಹಾಗೆ ಮಾಡಿರುತ್ತಾರೆ.

ನಮ್ಮ ಕಾರಿನ ಬಲಗಡೆ ದೀಪ ಗೆರೆಗಿಂತ ಒಂದು ಗೇಣು ಮೇಲೆ ನೋಡುತ್ತಿತ್ತು. ಹೊಳೆಯುವ ರಿಂಗ್ ಬಿಚ್ಚಿದರೆ ಒಳಗೆ ಸ್ಪ್ರಿಂಗ್ ಇರುವ ಸ್ಕ್ರೂಗಳು ಸಿಗುತ್ತವೆ. ಮೇಲಿನದು ತಿರುಗಿಸಿದರೆ ಬೆಳಕು ಮೇಲೆ ಕೆಳಗೆ, ಪಕ್ಕದ್ದು ತಿರುಗಿಸಿದರೆ ಅತ್ತಿತ್ತ. ಹಿಂದಿನ ಸೀಟಿನಲ್ಲಿ ಅಜ್ಜನನ್ನೂ ಅಜ್ಜಿಯನ್ನೂ ಕೂರಿಸಿಯೇ ಅಳತೆ ಮಾಡಿದೆವು. ಯಾಕೆಂದರೆ ಹಿಂದೆ ಭಾರ ಬಿದ್ದರೆ ಕಾರಿನ ಮೂತಿ ಮೇಲೇಳುತ್ತದೆ. ಗೆರೆ ಒರೆಸೋಕೆ ಕತ್ತಲೆಯಾಗಿ ಮರೆತುಹೋಯಿತು. ಮೇಷ್ಟ್ರೇ, ಕ್ಷಮಿಸಿ.

ನಿಮ್ಮ ಮನೆ ಗಾಡಿಗೂ ಉಪಯೋಗವಾಗುವ ಪಟ್ಟಿ

1. ಎರಡೂ ದೀಪ ಕೆಟ್ಟರೆ: ಬ್ಯಾಟರಿ ತುದಿ, ಸ್ವಿಚ್, ಡಿಪ್ಪರ್ ನೋಡಿ. ಡಿಪ್ ಮಾತ್ರ ಅಥವಾ ಬ್ರೈಟ್ ಮಾತ್ರ ಎರಡೂ ಕಡೆ ಹೋದರೆ ಡಿಪ್ಪರ್ ಮೇಲೆ ಮೊದಲ ಅನುಮಾನ.
2. ಒಂದೇ ಕೆಟ್ಟರೆ: ಬಲ್ಬ್ ಅದಲು ಬದಲು ಮಾಡಿ. ದೋಷ ಬಲ್ಬಿನ ಜೊತೆ ಹೋಗುತ್ತದೋ, ಅಲ್ಲೇ ಉಳಿಯುತ್ತದೋ ನೋಡಿ.
3. ಒಂದು ಮಂಕಾಗಿ, ಡಿಪ್ಪಿನಲ್ಲಿ ನೀಲಿ ದೀಪ ಮಿಣುಕಿದರೆ: ಅರ್ಥ್.
4. ಎರಡೂ ಮಂಕಾಗಿ, ಆಕ್ಸಿಲರೇಟರ್ ಒತ್ತಿದಾಗ ಬೆಳಕು ಬಹಳ ಹೆಚ್ಚಾದರೆ: ಬ್ಯಾಟರಿ ಅಥವಾ ಚಾರ್ಜಿಂಗ್. ಇಂಜಿನ್ ಚೆನ್ನಾಗಿ ಓಡುವಾಗ ಬ್ಯಾಟರಿ ತುದಿಯಲ್ಲಿ ಸುಮಾರು 14 ವೋಲ್ಟ್ ಇರಬೇಕು.
5. ಒಳಗಿನ ಕನ್ನಡಿ ಕಪ್ಪಾಗಿದ್ದರೆ: ಬಟ್ಟೆಯಿಂದ ಉಜ್ಜಬೇಡಿ, ಹೊಳಪಿನ ಲೇಪವೇ ಎದ್ದುಹೋಗುತ್ತದೆ. ಬದಲಿಸಬೇಕು.
6. ತಂತಿ ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಕೈಯಲ್ಲಿ ಬಳೆ, ಉಂಗುರ ಇರಬಾರದು. ದೊಡ್ಡವರಿಲ್ಲದೆ ಮಾಡಬೇಡಿ.

ನಿಮಗಿದು ಗೊತ್ತೇ?

ಅಂಬಾಸಿಡರ್ ಕಾರು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೇ ಸರಣಿಯ ಮಾದರಿಯಿಂದ ಬಂದದ್ದು. ಹಿಂದುಸ್ತಾನ್ ಮೋಟಾರ್ಸ್ ಇದನ್ನು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಿಸುತ್ತಿತ್ತು. 2014ರ ಮೇ ತಿಂಗಳಲ್ಲಿ ತಯಾರಿಕೆ ನಿಂತಿತು.

ಕೊನೆಗೆ

ಸೋಮವಾರ ನನಗೆ ಶಾಲೆ ಇತ್ತು. ಚಿಕ್ಕಪ್ಪ ಹೇಳಿದ್ದನ್ನು ಬರೆಯುತ್ತೇನೆ. ಇನ್ಸ್‌ಪೆಕ್ಟರು ಕಾರಿನ ಮುಂದೆ ನಿಂತು “ಡಿಪ್... ಬ್ರೈಟ್... ಡಿಪ್...” ಅಂದರಂತೆ. ಬ್ರೇಕು, ಹಾರನ್, ವೈಪರ್, ಇಂಡಿಕೇಟರ್ ಎಲ್ಲ ನೋಡಿದರಂತೆ. ಇನ್ನು 5 ವರ್ಷಕ್ಕೆ ಕಾರು ಪಾಸು! ಅಪ್ಪ ಗುಜರಿ ಮಾತು ಮತ್ತೆ ಎತ್ತಿಲ್ಲ.

ಅವತ್ತು ಅವರು ವಾಪಸ್ ಬರುವಾಗ ಕತ್ತಲಾಗಿತ್ತು, ಜಿಟಿಜಿಟಿ ಮಳೆ. ನಾನು ದೊಡ್ಡಪ್ಪನ ಜೊತೆ ಕೊಡೆ ಹಿಡಿದು ಸೇತುವೆ ಹತ್ತಿರ ನಿಂತಿದ್ದೆ. ತಿರುವಿನಲ್ಲಿ ಬೆಳಕು ಬಂತು. ದೊಡ್ಡಪ್ಪ ಕಣ್ಣು ಕಿರಿದು ಮಾಡಿ ನೋಡಿ, “ಎರಡೂ ಇದಾವೆ” ಅಂದರು. ಮತ್ತೇನೂ ಹೇಳಲಿಲ್ಲ.

ನೀವೂ ಇವತ್ತು ಸಂಜೆ ನಿಮ್ಮ ಮನೆಯ ಬೈಕು, ಟ್ರ್ಯಾಕ್ಟರ್, ಜೀಪು ಯಾವುದಿದ್ದರೂ ದೀಪ ಹಾಕಿಸಿ ಒಮ್ಮೆ ಮುಂದೆ ನಿಂತು ನೋಡಿ. ಮಂಕಾಗಿದ್ದರೆ ಮನೆಯವರಿಗೆ ಹೇಳಿ.

ಓದುಗರಿಗೆ ಪ್ರಶ್ನೆ: ನಮ್ಮ ಕಾರಿನ ಎರಡೂ ಹೆಡ್‌ಲೈಟಿನ ಅರ್ಥ್ ಒಟ್ಟಿಗೇ ಕಡಿದುಹೋಗಿದ್ದರೆ, ಡಿಪ್ ಹಾಕಿದಾಗ ಏನಾಗುತ್ತಿತ್ತು? ಚಿತ್ರ ಬರೆದು ಉತ್ತರವನ್ನು ಪತ್ರಿಕೆ ಪೆಟ್ಟಿಗೆಗೆ ಹಾಕಿ. ಸರಿಯುತ್ತರ ಮುಂದಿನ ಸಂಚಿಕೆಯಲ್ಲಿ. (ಸುಳಿವು: ನೀಲಿ ದೀಪವನ್ನು ಮರೆಯಬೇಡಿ.)

– ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ